ಮೇಲಂತಸ್ತಿನ ಕಿಟಕಿ

ಆಚೆ ದಡದ ಮನೆಯ ಹೆಂಚು, ಗೋಡೆ, ಅಂಗಳದ ಪಂಪು ಎಲ್ಲ ಬರೆದಾದ ಮೇಲೆ ಓಡಿಲನ ಪೆನ್ಸಿಲ್ಲು ಮೇಲಂತಸ್ತಿನ ಕಿಟಕಿಗೆ ಬಂದು ನಿಂತಿತು. ಕಿಟಕಿಯೊಳಗೆ ಮರಳುಚೀಲಗಳ ನಡುವೆ ಜರ್ಮನರ ಮೆಷಿನ್‌ಗನ್ನಿನ ಮೂತಿ ಕಾಣುತ್ತಿತ್ತು. ಕೆಳಗೆ ಅವನ ಅಕ್ಕ ಲಿಯೊನಿ ಬಕೆಟ್ಟು ಹಿಡಿದು ಹೋಗುತ್ತಿದ್ದಳು.

ಯುದ್ಧಕ್ಕೆ ಮುಂಚೆ ಅವನು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಈಗ ಬೆಲ್ಜಿಯಂನ ಐಸರ್ ನದಿಯ ದಂಡೆಯ ಕಂದಕದಲ್ಲಿ ಕೂತು, ನೆರೆನೀರಿನ ಆಚೆಗಿನ ಶತ್ರುನೆಲವನ್ನು ಬರೆಯುವುದು ಕೆಲಸ. ಆ ಚಿತ್ರ ನೋಡಿಯೇ ಬೆಲ್ಜಿಯನ್ ಫಿರಂಗಿಗಳು ಗುರಿ ಹಿಡಿಯುತ್ತಿದ್ದವು. ಊರೆಲ್ಲ ಗುಳೆ ಹೋದರೂ ದನ ಬಿಟ್ಟು ಬರಲಾರೆನೆಂದು ಅಕ್ಕ ಆ ಮನೆಯಲ್ಲೇ ಉಳಿದಿದ್ದಳು.

ಓಡಿಲ್ ಕಿಟಕಿಯನ್ನು ಮುಚ್ಚಿದಂತೆ ಬರೆದ. ಪಕ್ಕದಲ್ಲಿ ದುರ್ಬೀನು ಹಿಡಿದಿದ್ದ ಗೆಳೆಯ ರೆಮಿ ಚಿತ್ರವನ್ನೂ ಅವನ ಮುಖವನ್ನೂ ನೋಡಿದ.

"ನಾನೇನೂ ನೋಡಿಲ್ಲ ಬಿಡು ಮಾರಾಯ," ಎಂದ.

ಆ ಮನೆಯಲ್ಲಿ ಗನ್ನಿಲ್ಲವೆಂದು ನಂಬಿ ಕ್ಯಾಪ್ಟನ್ ದಾಳಿಗೆ ಅದೇ ದಿಕ್ಕನ್ನು ಆರಿಸಿದ. ಹೇಳಿಬಿಡಬೇಕೆಂದು ಓಡಿಲ್ ಎರಡು ಸಲ ಅವನ ಬಳಿ ಹೋದ. ಎರಡು ಸಲವೂ ಬೆಂಕಿಪೊಟ್ಟಣ ಕೇಳಿಕೊಂಡು ಬಂದ.

ಮರುದಿನ ಬೆಳಗ್ಗೆ ನಲವತ್ತು ಜನ ಸೊಂಟದುದ್ದ ನೀರಿಗಿಳಿದರು. ಅರ್ಧ ದಾರಿಗೆ ಕಿಟಕಿಯಿಂದ ಗುಂಡು ಸುರಿಯಿತು. ಓಡಿಲನ ಮುಂದಿದ್ದವನ ದವಡೆ ಹಾರಿಹೋಯಿತು. ಇನ್ನೊಬ್ಬ ತನ್ನ ಕರುಳನ್ನು ನೀರಿನಿಂದ ಬಾಚಿಕೊಳ್ಳುತ್ತ ಮುಳುಗಿದ. ಹದಿನೇಳು ಜನ ವಾಪಸು ಬರಲಿಲ್ಲ. ಎದೆಗೆ ಗುಂಡು ಬಿದ್ದ ರೆಮಿಯನ್ನು ಓಡಿಲ್ ಕೊರಳಪಟ್ಟಿ ಹಿಡಿದು ದಂಡೆಗೆ ಎಳೆದುತಂದ. ರೆಮಿಯ ಬಾಯಲ್ಲಿ ರಕ್ತದ ಗುಳ್ಳೆಗಳೇಳುತ್ತಿದ್ದವು.

"ಈಗ ಬರಿಯೋ," ಎಂದ. "ತೆರೆದೇ ಬರಿ."

ಗಾಯಾಳುಗಳನ್ನು ಹೊರುವ ಡೋಲಿಯವರು ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಕಿಟಕಿ ನಿನ್ನೆಯೂ ತೆರೆದಿತ್ತೆಂದು ಓಡಿಲ್ ತಾನೇ ಹೋಗಿ ಒಪ್ಪಿಕೊಂಡ. ಕ್ಯಾಪ್ಟನ್ ಪಿಸ್ತೂಲಿನ ಹಿಡಿಯಿಂದ ಅವನ ಬಾಯಿಗೆ ಬಾರಿಸಿದ. ಓಡಿಲ್ ಎರಡು ಹಲ್ಲು ಉಗಿದ.

"ಯಾರಿದ್ದಾರೆ ಆ ಮನೇಲಿ?"

"ನಮ್ಮಕ್ಕ, ಸಾರ್."

ಕ್ಯಾಪ್ಟನ್ ಪಿಸ್ತೂಲನ್ನು ಒರೆಗೆ ಸೇರಿಸಿದ. ಆಮೇಲೆ ದೂರ ಎಷ್ಟೆಂದು ಕೇಳಿದ.

"ಒಂಬೈನೂರ ಅರವತ್ತು ಮೀಟರು."

ಮನೆಯ ಮೇಲೆ ಹನ್ನೊಂದು ಶೆಲ್ಲು ಬಿದ್ದವು. ಮೂರನೆಯದಕ್ಕೆ ಮಾಡು ಎದ್ದು ಕುಸಿಯಿತು, ಆರನೆಯದಕ್ಕೆ ಗೋಡೆಗಳು. ಓಡಿಲ್ ದುರ್ಬೀನು ಕೆಳಗಿಡಲಿಲ್ಲ. ಮನೆಯಿಂದ ಯಾರೂ ಹೊರಗೆ ಬರಲಿಲ್ಲ. ಉರಿ ಹತ್ತಿದ ಹಸುವೊಂದು ಓಡಿಬಂದು ನೀರಿಗೆ ಬಿತ್ತು.

ಹೊಗೆ ಕರಗಿದ ಮೇಲೆ ಚಿತ್ರವನ್ನು ಮತ್ತೆ ಬರೆಯಲು ಆಜ್ಞೆಯಾಯಿತು. ಮನೆಯಿದ್ದ ಜಾಗದ ಹಿಂದೆ, ಇದುವರೆಗೆ ಇಲ್ಲಿಂದ ಕಾಣದಿದ್ದ ಪಾಪ್ಲರ್ ಮರಗಳ ಸಾಲೊಂದು ನಿಂತಿತ್ತು. ಓಡಿಲ್ ಎಡಗಡೆಯಿಂದ ಎಣಿಸಿಕೊಂಡು, ಒಂದೊಂದೇ ಮರ ಬರೆಯತೊಡಗಿದ.