ಕರಡಿಗೆ ಹಿಡಿದವಳು

ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆ ಪಂದ್ಯ. ಭದ್ರಾವತಿಯ ತನುಜಾ ಅಂಕಣಕ್ಕೆ ಇಳಿಯುವಷ್ಟರಲ್ಲಿ ರೆಫರಿ ತಡೆದರು.

"ಕೊರಳಲ್ಲಿರೋದು ತೆಗೆದಿಟ್ಟು ಬಾರಮ್ಮ, ಯಾರಿಗಾದ್ರೂ ತಗುಲೀತು."

ಅದು ಇಷ್ಟಲಿಂಗದ ಕರಡಿಗೆ. ಹಿಂದೆಲ್ಲ ಅಜ್ಜಿ ಜಗದಾಂಬಾ ಅದನ್ನು ಅಂಗೈಯಲ್ಲಿಟ್ಟುಕೊಂಡು, ಆಟ ಮುಗಿಯುವವರೆಗೆ ವಚನ ಹೇಳಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಈಗ ಅಜ್ಜಿ ಲಿಂಗೈಕ್ಯಳಾಗಿದ್ದಾಳೆ. ಯಾರ ಕೈಗೆ ಕೊಡಬೇಕೆಂದು ತಿಳಿಯದೆ ತನುಜಾ ಗೆರೆಯಾಚೆ ನಿಂತೇ ಇದ್ದಳು.

"ನನ್ನ ಬ್ಯಾಗಲ್ಲಿ ಹಾಕು ಮಾರಾಯ್ತಿ," ಎಂದರು ಕೋಚ್. ಬ್ಯಾಗಿನ ತುಂಬ ಬೆವರಿನ ಸಾಕ್ಸುಗಳಿದ್ದವು.

"ಬೇಡ ಸರ್. ನಾನು ಆಡಲ್ಲ."

ಬದಲಿ ಆಟಗಾರ್ತಿ ಪುಷ್ಪಾ ಎದ್ದು ಬಂದಳು. ತನುಜಾ ಆಡದಿದ್ದರೆ ಆ ಜಾಗ ಅವಳದೇ.

"ನನ್ನ ಕೈಗೆ ಕೊಡೇ. ನಮ್ಮನೇಲಿ ಲಿಂಗ ಕಟ್ಟಲ್ಲ, ಆದ್ರೂ ಕೆಳಗಂತೂ ಇಡಲ್ಲ."

"ಮಧ್ಯೆ ನಿನ್ನ ಆಡೋಕೆ ಕರೆದ್ರೆ?"

"ಕೈ ಖಾಲಿ ಇಲ್ಲ ಅಂತೀನಿ. ಹೋಗೇ!"

ತನುಜಾ ಆಡಿದಳು. ಮೊದಲ ಚೆಂಡು ಬುಟ್ಟಿಗೆ ಬಿದ್ದಾಗ ಅವಳ ಕಣ್ಣು ತಾನಾಗಿಯೇ ಮೆಟ್ಟಿಲುಗಳತ್ತ ಹೋಯಿತು. ಅಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಪುಷ್ಪಾ ಮಾತ್ರ ಮುಚ್ಚಿದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಲುಗಾಡದೆ ಕೂತಿದ್ದಳು.