ಮುದೇನೂರ ಸಾಹೇಬರ ಬಲಗಾಲು

ನಾನು ಒಂದು ಕಾಲು. ಬಲಗಾಲು. ಅದೂ ಮೊಣಕಾಲಿನಿಂದ ಕೆಳಗಿನಷ್ಟು ಮಾತ್ರ. ಮೇಲಿನದನ್ನು ದೇವರು ಮಾಡಿದ, ನನ್ನನ್ನು ಮನುಷ್ಯರು ಮಾಡಿದರು. ಹಾಗೆಂದು ನನ್ನನ್ನು ಕೀಳಾಗಿ ಕಾಣಬೇಡಿ. ದೇವರು ಮಾಡಿದ ಕಾಲು ಎರಡನೆಯ ಯುದ್ಧಕ್ಕೇ ಮುರಿಯಿತು, ನಾನು ಇನ್ನೂ ಗಟ್ಟಿಮುಟ್ಟಾಗಿದ್ದೇನೆ.

ಹುಟ್ಟಿದ್ದು ಪುಣೆಯ ಒಂದು ಕಾರ್ಯಾಗಾರದಲ್ಲಿ. ಕ್ರಿಕೆಟ್ ಬ್ಯಾಟು ಮಾಡುತ್ತಾರಲ್ಲ, ಅದೇ ಜಾತಿಯ ಹಗುರ ಮರ ನನ್ನದು. ನನ್ನ ಒಡಹುಟ್ಟಿದವರು ಎಲ್ಲೋ ಬೌಂಡರಿ ಬಾರಿಸುತ್ತಿರಬಹುದು. ನನ್ನ ಹಣೆಯಲ್ಲಿ ಬೂಟು ಬರೆದಿತ್ತು. ದತ್ತೋಬಾ ಎಂಬ ಬಡಗಿ ಆರಿದ ಬೀಡಿ ಕಚ್ಚಿಕೊಂಡು ನನ್ನನ್ನು ಕೆತ್ತಿದ. ತೊಡೆಗೆ ಬಿಗಿಯಲು ಚರ್ಮದ ಪಟ್ಟಿ, ಹಿತ್ತಾಳೆಯ ಬಕಲ್ ಹಚ್ಚಿದ. ಕೊನೆಗೆ ಮೈಮೇಲಿನ ಹೊಟ್ಟನ್ನು ಊದಿ, "ಜಾ ಬಾಬಾ" ಎಂದು ಬೀಳ್ಕೊಟ್ಟ.

ನನ್ನನ್ನು ಕಟ್ಟಿಕೊಂಡವರು ವಿಮಾನದಳದ ಅಧಿಕಾರಿ ರಾಚಪ್ಪ ಮುದೇನೂರ. ಧಾರವಾಡದವರು. ನಾನು ಬರುವ ಹೊತ್ತಿಗೆ ಅವರ ಎದೆಯ ಮೇಲೆ ಆಗಲೇ ಎರಡು ಪದಕಗಳಿದ್ದವು. ಮೊದಲನೆಯದು ಕಾಶ್ಮೀರದ ಮೊದಲ ಯುದ್ಧದ್ದು. ಹಿಮದ ಕಣಿವೆಯೊಂದರಲ್ಲಿ, ಹದ್ದು ಕೂಡ ಇಳಿಯಲು ಹಿಂದೆಮುಂದೆ ನೋಡುವ ಜಾಗದಲ್ಲಿ, ಡಕೋಟಾ ವಿಮಾನ ಇಳಿಸಿ ಸೈನಿಕರಿಗೆ ಮದ್ದುಗುಂಡು, ಅಕ್ಕಿಬೇಳೆ ಮುಟ್ಟಿಸಿದ್ದರು. ಎರಡನೆಯದು ಅರವತ್ತೈದರ ಯುದ್ಧದ್ದು. ಬಾಂಬು ಬಿದ್ದು ಉರಿಯುತ್ತಿದ್ದ ವಿಮಾನದೊಳಗಿಂದ ಮೆಕ್ಯಾನಿಕ್ ಒಬ್ಬನನ್ನು ಎಳೆದು ಹೊರಗೆ ತಂದರು. ಮೆಕ್ಯಾನಿಕ್ ಬದುಕಿದ. ಆದರೆ ಕುಸಿದ ರೆಕ್ಕೆ ಸಾಹೇಬರ ಬಲಗಾಲಿನ ಮೇಲೆ ಬಿತ್ತು. ಆ ಕಾಲು ಹೋದ ಜಾಗಕ್ಕೆ ನಾನು ಬಂದೆ.

ಶೂರರನ್ನು ಕೆಳಗಿನಿಂದ ನೋಡಬೇಕು. ಲೋಕ ಅವರ ಎದೆ ನೋಡುತ್ತಿತ್ತು, ನನಗೆ ಕಾಣುತ್ತಿದ್ದುದು ಮೂಗಿನ ಹೊಳ್ಳೆ ಮತ್ತು ಗದ್ದ. ಗುಂಡಿಗೆ ಹೆದರದ ಈ ಮನುಷ್ಯ ಜಿರಲೆ ಕಂಡರೆ ಒಂಟಿಗಾಲಲ್ಲೇ ಮಂಚ ಹತ್ತುತ್ತಿದ್ದರು. ನನ್ನನ್ನು ಕೆಳಗೇ ಬಿಟ್ಟು! ಅದಕ್ಕೆ ಪದಕ ಯಾರೂ ಕೊಡಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ಬೆಳಗಾವಿಯಲ್ಲಿ ಅವರಿಗೆ ಕುರ್ಚಿಯ ಕೆಲಸ ಕೊಟ್ಟಿದ್ದರು. ಅಲ್ಲಿನ ಕ್ವಾರ್ಟರ್ಸಿಗೆ ನಾನು ಮೊದಲು ಕಾಲಿಟ್ಟಾಗ ಬಾಗಿಲಲ್ಲಿ ನಿಂತಿದ್ದವಳು ಅವರ ಹೆಂಡತಿ ನೀಲವ್ವ. ಗದಗಿನ ಮಗಳು, ಮಾತಿನಲ್ಲಿ ಖಾರ, ಕೈಯಲ್ಲಿ ಬೆಣ್ಣೆ. ನನ್ನನ್ನು ಮೇಲೆಕೆಳಗೆ ನೋಡಿದಳು.

"ಬಂದಿ? ಬಾ. ನಮ್ಮ ಕಡೆ ಮನೀಗೆ ಬಂದವರ ಕಾಲಿಗೆ ನೀರ ಕೊಡ್ತೀವಿ. ನೀನಽ ಕಾಲು, ನಿನಗ ನೀರ ತಾಗಬಾರದಂತ. ಏನ ಮಾಡ್ಲಿ ಹೇಳು?" ಎಂದು ಸೆರಗಿನಿಂದ ನನ್ನ ಧೂಳು ಒರೆಸಿದಳು. ಅಂದಿನಿಂದ ನಾನು ಅವಳ ಮನೆಯವನಾದೆ.

ಸಾಹೇಬರಿಗೆ ಇದ್ದದ್ದು ಒಂದೇ ಆಸೆ, ಮತ್ತೆ ಹಾರಬೇಕು. ನೀಲವ್ವನಿಗೂ ಒಂದೇ ಆಸೆ, ಇವರು ಇನ್ನು ಹಾರಬಾರದು. ಎರಡರ ನಡುವೆ ನಾನು.

ವಿಮಾನದಲ್ಲಿ ಕಾಲಿಗೂ ಕೆಲಸವಿದೆ. ಕೆಳಗೆ ಎರಡು ಪೆಡಲುಗಳಿರುತ್ತವೆ, ಬಲಗಡೆಯದನ್ನು ಒತ್ತಿದರೆ ಮೂತಿ ಬಲಕ್ಕೆ, ಎಡಗಡೆಯದನ್ನು ಒತ್ತಿದರೆ ಎಡಕ್ಕೆ. ಎಷ್ಟು ಒತ್ತಿದೆನೆಂದು ಪಾದಕ್ಕೆ ತಿಳಿಯಬೇಕು. ನನಗೆಲ್ಲಿ ತಿಳಿಯಬೇಕು? ಮುಳ್ಳು ತುಳಿದರೂ ಮಲ್ಲಿಗೆ ತುಳಿದರೂ ನನಗೆ ಒಂದೇ.

ಒಂದು ಮಧ್ಯಾಹ್ನ ನೀಲವ್ವ ತನ್ನ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಸಾಹೇಬರು ಬಹಳ ಹೊತ್ತು ಅವಳ ಪಾದಗಳನ್ನೇ ನೋಡಿದರು. ಮರುದಿನ ತಾವೇ ಕೂತರು. ಗಾಲಿ ಹಿಂದಕ್ಕೆ ತಿರುಗಿತು, ದಾರ ಕಡಿಯಿತು, ಸೂಜಿ ಮುರಿಯಿತು.

"ಅಯ್ಯ, ಅದು ನನ್ನ ತವರಮನೀದ್ರೀ!" ಎಂದು ಓಡಿ ಬಂದಳು. ಆಮೇಲೆ ನಗುತ್ತ ಪಕ್ಕದಲ್ಲಿ ಕೂತು ಕಲಿಸಿದಳು. "ಪಾದದಿಂದ ಅಲ್ರೀ, ತೊಡಿಯಿಂದ ಒತ್ರಿ. ಕಾಲಿಗೆ ತಿಳೀಲಿಲ್ಲಂದ್ರ ಕಿವಿಗೆ ತಿಳೀತದ. ಮಷೀನಿನ ಸಪ್ಪಳ ಕೇಳ್ರಿ."

ಮಳೆಗಾಲ ಮುಗಿಯುವಷ್ಟರಲ್ಲಿ ಹೊಲಿಗೆ ನೆಟ್ಟಗೆ ಬರತೊಡಗಿತು. ಮೊದಲು ದಿಂಬಿನ ಚೀಲ, ಆಮೇಲೆ ಸೀರೆಯೊಳಗಿನ ಪರಕಾರ, ಕಡೆಗೆ ಜಂಪರು. ಕಾಲೊನಿಯ ಹೆಂಗಸರು ಎರಡು ಪದಕದ ವೀರ ಹೊಲಿದ ಜಂಪರು ತೊಟ್ಟು ಓಡಾಡಿದರು. ಗಂಡ ಮನೆಯಲ್ಲೇ ಬೇರು ಬಿಟ್ಟನೆಂದು ನೀಲವ್ವ ಹಿಗ್ಗಿ ಹೀರೇಕಾಯಿಯಾದಳು. ಅವರು ಯಾತಕ್ಕೆ ಕಲಿಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ನನಗೆ ಬಾಯಿಯಿಲ್ಲ.

ಮೆಡಿಕಲ್ ಬೋರ್ಡಿನ ಪರೀಕ್ಷೆಗೆ ಕರೆ ಬಂದಾಗ ಅವಳಿಗೆ ಎಲ್ಲ ತಿಳಿಯಿತು. ಹಾರಿಹೋಗುವುದನ್ನು ತನ್ನ ಕೈಯಾರೆ ತಾನೇ ಕಲಿಸಿದ್ದಳು. ಅಳಲಿಲ್ಲ, ಕೂಗಲಿಲ್ಲ. ಮಾತು ಬಿಟ್ಟಳು. ಪರೀಕ್ಷೆಯ ದಿನ ಬೆಳಿಗ್ಗೆ ಸಾಹೇಬರು ಸ್ನಾನಕ್ಕೆ ಹೋದಾಗ ನನ್ನನ್ನು ಎತ್ತಿಕೊಂಡು ಹೋಗಿ ಜೋಳದ ಡಬ್ಬಿಯಲ್ಲಿ ಹೂತಿಟ್ಟಳು.

"ನೀಲಾ, ಕಾಲೆಲ್ಲಿ?"

"ನನ್ನ ಯಾಕ ಕೇಳ್ತೀರಿ? ನಿಮ್ಮ ಕಾಲ ನೀವು ಕಾಯ್ಕೋಬೇಕು."

"ಆತು ಬಿಡು," ಎಂದರು ಸಾಹೇಬರು. "ಅರ್ಧಾ ಹೊಲದ ಜಂಪರ ಉಳದದಲ್ಲ, ಇಲ್ಲೆ ಕೊಡು. ಮುಗಸ್ತೀನಿ."

ಕುಂಟುತ್ತ ಹೋಗಿ ಮಷೀನಿಗೆ ಕೂತರು. ಎಡಗಾಲು ಒಂದರಿಂದಲೇ ತುಳಿಯತೊಡಗಿದರು. ಜೋಳದೊಳಗೆ ಕೂತ ನನಗೂ ಆ ಸಪ್ಪಳ ಕೇಳಿತು. ಒಂದು ಹೆಜ್ಜೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಅವರು ಬೈದಿದ್ದರೆ ನೀಲವ್ವ ತಿರುಗಿ ಬೈದು ಗೆಲ್ಲುತ್ತಿದ್ದಳು. ಈ ಕುಂಟು ಸಪ್ಪಳ ಕೇಳಿ ಎದ್ದು ಬಂದಳು. ಡಬ್ಬಿಯ ಮುಚ್ಚಳ ತೆರೆಯಿತು. ನನ್ನನ್ನು ಝಾಡಿಸಿ, ತಾನೇ ನೆಲಕ್ಕೆ ಕೂತು, ಅವರ ತೊಡೆಗೆ ಪಟ್ಟಿ ಬಿಗಿದಳು.

"ಏರೂದು ಎಲ್ಲಾರೂ ಏರ್ತಾರ," ಎಂದಳು. "ಇಳಿಯೂದು ನೆನಪ ಇರ್ಲಿ."

ಪರೀಕ್ಷೆಯಲ್ಲಿ ಹಿರಿಯ ವೈಮಾನಿಕರೊಬ್ಬರು ನಮ್ಮ ಜೊತೆ ಹಾರಿದರು. ವಿಮಾನ ಹತ್ತಿಯ ಮೇಲೆ ಕೂತಂತೆ ಇಳಿಯಿತು. ಇಷ್ಟು ನಯ ಎಲ್ಲಿ ಕಲಿತಿರಿ ಎಂದು ಕೇಳಿದರು. "ಹೆಂಡತಿಯ ಹೊಲಿಗೆ ಮಷೀನಿನಲ್ಲಿ," ಎಂದರು ಸಾಹೇಬರು. ಬೋರ್ಡಿನವರೆಲ್ಲ ತಮಾಷೆಯೆಂದು ನಕ್ಕು ಸಹಿ ಹಾಕಿದರು.

ಎಪ್ಪತ್ತೊಂದರಲ್ಲಿ ಮತ್ತೆ ಯುದ್ಧ. ಗಡಿಯಾಚೆ ಮುಂದೆ ಹೋದ ಪಡೆಗೆ ಮೇಲಿನಿಂದ ಸಾಮಾನು ಉದುರಿಸಿ ಬರುವ ಕೆಲಸ ನಮ್ಮದು. ಪಕ್ಕದ ಆಸನದಲ್ಲಿ ಸಹಚಾಲಕ ಮಾಚಯ್ಯ, ಕೊಡಗಿನವನು. ಸಾಮಾನು ಹಾಕಿ ತಿರುಗುವಾಗ ಕೆಳಗಿನಿಂದ ಗುಂಡು ಬಂದವು. ಎಡಗಡೆಯ ಎಂಜಿನ್ ಸತ್ತಿತು. ಮಾಚಯ್ಯನ ಕಾಲಿಗೂ ಗುಂಡಿನ ಚೂರು ಹೊಕ್ಕಿತು, ಅವನು ಪೆಡಲು ಒತ್ತುವಂತಿರಲಿಲ್ಲ.

ಒಂದೇ ಎಂಜಿನ್ ಎಳೆದರೆ ವಿಮಾನ ಗಾಣದೆತ್ತಿನ ಹಾಗೆ ಒಂದೇ ಕಡೆ ತಿರುಗತೊಡಗುತ್ತದೆ. ನೆಟ್ಟಗೆ ಹೋಗಬೇಕಾದರೆ ಬಲಗಡೆಯ ಪೆಡಲನ್ನು ಒತ್ತಿ ಹಿಡಿಯಬೇಕು, ನೆಲ ಮುಟ್ಟುವವರೆಗೂ ಬಿಡಬಾರದು. ಬಲಗಡೆ ಇದ್ದವನು ನಾನು. ಸಾಹೇಬರು ಪಟ್ಟಿ ಇನ್ನೊಂದು ತೂತು ಬಿಗಿದರು, ಮೊಣಕಾಲು ಸೆಟೆಸಿದರು, ಒತ್ತಿದರು.

ಮರಕ್ಕೆ ದಣಿವಿಲ್ಲ. ಆದರೆ ನನ್ನ ಮೇಲಿನ ತೊಡೆ ಮರದ್ದಲ್ಲ. ಅದು ಅದುರತೊಡಗಿದ್ದು ನನಗೆ ತಿಳಿಯಿತು. ಬೆವರು ಪಟ್ಟಿಯೊಳಗೆ ಇಳಿಯಿತು, ಆಮೇಲೆ ರಕ್ತವೂ ಇಳಿಯಿತು. ನನ್ನ ಹಿಮ್ಮಡಿ ಚಟ್ ಎಂದು ಬಿರುಕು ಬಿಟ್ಟಿತು. ಇನ್ನು ಸ್ವಲ್ಪ ತಾಳು ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಾವಿಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ.

"ಸರ್, ಕಾಲು ನೋಯ್ತಾ ಇಲ್ವಾ?" ಎಂದು ಮಾಚಯ್ಯ ಹಲ್ಲು ಕಚ್ಚಿಕೊಂಡೇ ಕೇಳಿದ.

"ಇದಕ್ಕೇನ ನೋವು? ಸಾಯ್ಲಿಕ್ಹತ್ತಿದ್ದು ಮ್ಯಾಲಿಂದು," ಎಂದರು ಸಾಹೇಬರು.

ಇಳಿದೆವು. ಎಲ್ಲರೂ ಬದುಕಿ ಇಳಿದೆವು. ಮೂರನೆಯ ಪದಕವೂ ಎದೆಗೇ ಹೋಯಿತು, ನನಗೆ ಸಿಕ್ಕಿದ್ದು ಹಿಮ್ಮಡಿಗೆ ಒಂದು ಹಿತ್ತಾಳೆ ಪಟ್ಟಿ. ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆಗೆ ಬಂದ ದಿನ ನೀಲವ್ವ ಪದಕದ ಕಡೆ ನೋಡಲೇ ಇಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಿರುಕಿನ ಮೇಲೆ ಬೆರಳಾಡಿಸಿ, ಕಣ್ಣೀರು ಸುರಿಸಿದಳು. ಆಮೇಲೆ ನನ್ನ ಬೇಸರವೂ ಹೋಯಿತು.

ನಿವೃತ್ತಿಯಾಗಿ ಧಾರವಾಡಕ್ಕೆ ಬಂದೆವು. ಹೊಸದೊಂದು ಪ್ಲಾಸ್ಟಿಕ್ ಕಾಲು ಬಂತು, ಹಗುರ, ನುಣುಪು, ಮದುಮಗನ ಹಾಗೆ. ಸಭೆ ಸಮಾರಂಭಕ್ಕೆ ಅವನು, ಮನೆಯೊಳಗೆ ನಾನು. ಹಳೆಯ ಚಪ್ಪಲಿಯೇ ಕಾಲಿಗೆ ಹಿತ ಎನ್ನುತ್ತಿದ್ದರು ಸಾಹೇಬರು. ಎಂಬತ್ತು ದಾಟಿದ ಮೇಲೂ, ಯಾರಾದರೂ ಹಾರಲು ಕರೆದರೆ ಈಗಲೂ ಹೊರಡುತ್ತೇನೆ ಎಂದು ಹೆಂಡತಿಯನ್ನು ಕೆಣಕುತ್ತಿದ್ದರು. ಅವಳು ಪ್ರತಿ ಸಲವೂ ಸಿಟ್ಟಾಗುತ್ತಿದ್ದಳು. ಒಂದು ಬೆಳಿಗ್ಗೆ, ಚಹಾ ಕುಡಿದು ಬಟ್ಟಲು ಕೆಳಗಿಟ್ಟವರು ಮತ್ತೆ ತಲೆ ಎತ್ತಲಿಲ್ಲ.

ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಪದ್ಮಾಸನದಲ್ಲಿ ಕೂಡಿಸುತ್ತಾರೆ. ಮಗ ಗಿರಿಮಲ್ಲ ನನ್ನನ್ನು ತಂದು, "ಅಪ್ಪಾರ ಕಾಲು ಅವರ ಜೋಡೀನಽ ಹೋಗ್ಲಿ," ಎಂದ. ಮಂತ್ರ ಹೇಳಲು ಬಂದಿದ್ದ ಅಯ್ಯನವರೂ ಒಪ್ಪಿದರು. ನನಗೂ ಅದೇ ಬೇಕಿತ್ತು. ಅವರಿಲ್ಲದೆ ನಾನು ಯಾರ ಕಾಲು?

ನೀಲವ್ವ ಎದ್ದು ಬಂದು ಮಗನ ಕೈಯಿಂದ ನನ್ನನ್ನು ಕಿತ್ತುಕೊಂಡಳು.

"ಬ್ಯಾಡ," ಎಂದಳು. "ಇದನ್ನ ಹಚ್ಚಿದ್ರ ಅವರು ಕೂಡ್ರಂಗಿಲ್ಲ. ಎದ್ದು ಮತ್ತ ಹಾರ್ಲಿಕ್ಕೆ ಹೊಂಟಬಿಡ್ತಾರ. ಮೂರು ಯುದ್ಧ ಆತು. ಇನ್ನರ ಒಂದ ಕಡೆ ಕೂಡ್ರಲಿ."

ಅಂದು ನನಗೆ ಅವಳ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗಿಲ್ಲ. ಅವಳ ಮಂಚದ ಪಕ್ಕದಲ್ಲಿ, ಗೋಡೆಗೆ ಒರಗಿ ನಿಂತಿದ್ದೇನೆ. ಚರ್ಮ ಒಣಗಬಾರದೆಂದು ಅವಳು ಈಗಲೂ ಪಟ್ಟಿಗೆ ಔಡಲೆಣ್ಣೆ ತಿಕ್ಕುತ್ತಾಳೆ. ಅವಳಿಗೂ ಮೊಣಕಾಲು ಹಿಡಿದಿವೆ. ಬೆಳಿಗ್ಗೆ ಏಳುವಾಗ ನನ್ನ ಮೇಲೆ ಕೈಯೂರುತ್ತಾಳೆ. ನಾನು ಅಲುಗದೆ ನಿಲ್ಲುತ್ತೇನೆ.

"ಅವ್ವಾ, ಪ್ಯಾಟಿಯಿಂದ ಒಂದು ಊರುಗೋಲು ತಂದು ಕೊಡ್ಲಿ?" ಎಂದು ಗಿರಿಮಲ್ಲ ಮೊನ್ನೆಯೂ ಕೇಳಿದ.

"ಯಾಕಪಾ?" ಎಂದಳು ನೀಲವ್ವ, ನನ್ನ ಮೇಲಿನ ಕೈ ತೆಗೆಯದೆ. "ಇವರು ಅದಾರಲ್ಲ."