ಮೊದಲು ಹತ್ತುವವರ ಸಾಲು

ಮಗನಿಗೆ ಎಲ್ಲರಿಗಿಂತ ಮೊದಲು ವಿಮಾನ ಹತ್ತಲೇಬೇಕು. ಅವನು ಗಾಜಿನ ದೀಪಗಳ ಮಾರಾಟಗಾರ. ಕೊನೆಯಲ್ಲಿ ಹತ್ತಿದರೆ ತಲೆಯ ಮೇಲಿನ ಗೂಡುಗಳೆಲ್ಲ ಭರ್ತಿಯಾಗಿರುತ್ತವೆ. ಆಗ ಮಾದರಿ ದೀಪಗಳ ಬ್ಯಾಗನ್ನು ಇಸಿದುಕೊಂಡು ಕೆಳಗಿನ ಸಾಮಾನಿನ ಜೊತೆ ಹಾಕಿಬಿಡುತ್ತಾರೆ. ಒಮ್ಮೆ ಹಾಗೆ ಹಾಕಿ ದೀಪಗಳೆಲ್ಲ ಪುಡಿಪುಡಿಯಾಗಿದ್ದವು. ಅದಕ್ಕೇ ಈ ಸಲ ತಾಯಿಯ ಹೆಸರಿಗೆ ಗಾಲಿಕುರ್ಚಿ ಹೇಳಿದ್ದ. ಕುರ್ಚಿಯವರನ್ನೂ ಅವರ ಜೊತೆಗಿದ್ದವರನ್ನೂ ಮೊದಲು ಒಳಗೆ ಬಿಡುತ್ತಾರಲ್ಲ!

ತಾಯಿಯ ಕಾಲಿಗೇನಾಗಿತ್ತು? ಏನೂ ಇಲ್ಲ. ಆಕೆ ನೃತ್ಯ ಕಲಿಸುವವಳು. ಮಗ ವ್ಯಾಪಾರಕ್ಕೆ ಹೊರಟಿದ್ದ ಊರಿನದೇ ವಸತಿ ಶಾಲೆಯೊಂದು ಆಕೆಯನ್ನು ನೃತ್ಯ ಕಲಿಸುವ ಕೆಲಸದ ಸಂದರ್ಶನಕ್ಕೆ ಕರೆದಿತ್ತು. ಸಿಕ್ಕರೆ ಅಲ್ಲೇ ಸ್ವಂತದ್ದೊಂದು ಕೋಣೆ. ಮಗನ ಮನೆಯಲ್ಲಿ ಸೊಸೆಯ ಮುಸುರೆ ತಿಕ್ಕಿ, ಸೋಫಾದ ಮೇಲೆ ಮುದುಡಿ ಮಲಗಿ ಆಕೆಗೆ ಸಾಕುಸಾಕಾಗಿತ್ತು.

"ಕಾಲು ಕಲ್ಲಿನ ಹಾಗಿದೆ ಕಣೋ. ನಾನ್ಯಾಕೆ ಇದ್ರಲ್ಲಿ ಕೂತ್ಕೊಳ್ಳಲಿ?"

"ಸುಮ್ನೆ ಕೂತ್ಕೋಮ್ಮಾ. ಟಿಕೆಟ್ ತೆಗೆಸಿದ್ದು ಯಾರು?"

ಕೂತಳು. ವಿಮಾನದ ಬಾಗಿಲಲ್ಲಿ ಕುರ್ಚಿ ತಳ್ಳುವವಳು ಬಗ್ಗಿ, ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಚಿ, ಕೈಹಿಡಿದು ಎಬ್ಬಿಸಿದಳು. ನಾಚಿಕೆಯಿಂದ ಕಣ್ಣು ಮುಚ್ಚಿದ್ದ ತಾಯಿ ಅದನ್ನೆಲ್ಲ ನೋಡಲೇ ಇಲ್ಲ. ಮಗ ಮಾತ್ರ ಖಾಲಿ ಗೂಡಿನಲ್ಲಿ ಬ್ಯಾಗನ್ನು ಕೂಸಿನಂತೆ ಮಲಗಿಸಿ, ತನ್ನ ಕೋಟನ್ನೂ ಹೊದಿಸಿದ.

ಇಳಿಯುವಾಗ ಆಕೆ ಎದ್ದು ಹೊರಟರೆ ತೋಳು ಹಿಡಿದು ಕೂರಿಸಿದ. "ಕುರ್ಚಿ ಬರತ್ತೆ, ತಡಿ. ಸುಳ್ಳು ಹೇಳಿದ್ವಿ ಅಂತ ಗೊತ್ತಾದ್ರೆ ವಾಪಸ್ ಹೋಗುವಾಗ ನನ್ನ ಬ್ಯಾಗಿನ ಗತಿ?"

ಹೊರಗೆ ಶಾಲೆಯ ಮುಖ್ಯಸ್ಥೆ ತಾವೇ ಕಾರು ತಂದು ಕಾಯುತ್ತಿದ್ದರು. ಗಾಲಿಕುರ್ಚಿ ಕಂಡದ್ದೇ ಅವರ ನಗು ಅರ್ಧಕ್ಕೇ ನಿಂತಿತು.

"ಕಾಲಿಗೇನಾದ್ರೂ ತೊಂದ್ರೆನಾ?" ಎಂದು ಮಗನನ್ನು ಕೇಳಿದರು. ತಾಯಿ ಎದುರಿಗೇ ಇದ್ದಳು. ಕುರ್ಚಿಯಲ್ಲಿ ಕೂತವರನ್ನು ಯಾರು ಕೇಳುತ್ತಾರೆ?

ಮಗ ಒಮ್ಮೆ ಕುರ್ಚಿ ತಳ್ಳುತ್ತಿದ್ದ ನೌಕರನ ಕಡೆ ನೋಡಿದ, ಒಮ್ಮೆ ಬ್ಯಾಗಿನ ಕಡೆ. "ಸ್ವಲ್ಪ ವೀಕು," ಎಂದ, ಪಾಪಿ.

"ಸುಳ್ಳು! ಇವನ ಬ್ಯಾಗಿಗೆ ಜಾಗ ಸಿಗಲಿ ಅಂತ ಕೂತಿದ್ದು ನಾನು. ಬೇಕಾದ್ರೆ ಇಲ್ಲೇ ಕುಣಿದು ತೋರಿಸ್ತೀನಿ, ನೋಡಿ!"

ತಾಯಿ ದಡಕ್ಕನೆ ಎದ್ದಳು. ಮೊದಲು ಹಲಗೆ ಮಡಚಬೇಕು, ಪಾದ ನೆಲಕ್ಕೂರಿ ಏಳಬೇಕು ಎಂಬುದು ದಿನವೂ ಕೂರುವವರಿಗೆ ಗೊತ್ತು. ಗಟ್ಟಿ ಕಾಲಿನವಳಿಗೆ ಹೇಗೆ ಗೊತ್ತಿರಬೇಕು? ಹಲಗೆಯ ಮೇಲೆಯೇ ಇಡೀ ಭಾರ ಹಾಕಿದಳು. ಕುರ್ಚಿ ಮುಂದಕ್ಕೆ ಮಗುಚಿತು. ಮುಖ್ಯಸ್ಥೆಯ ಕಾಲ ಬಳಿ ಬೋರಲಾಗಿ ಬಿದ್ದಳು.

"ಹೇಳಿದ್ನಲ್ಲ ಮೇಡಂ," ಎಂದ ಮಗ.

ಮುಖ್ಯಸ್ಥೆ ಲೊಚಗುಟ್ಟಿದರು. "ಅಯ್ಯೋ ಪಾಪ! ಇವರನ್ನ ಮನೇಲೇ ಇಟ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ."

ಮಗ ತಲೆಯಾಡಿಸಿದ. ಬ್ಯಾಗನ್ನು ಮೆಲ್ಲಗೆ ಇಳಿಸಿ, ಬೀಳದಂತೆ ಗೋಡೆಗೆ ಒರಗಿಸಿಟ್ಟ. ಆಮೇಲೆ ತಾಯಿಯನ್ನು ಎತ್ತಲು ಬಗ್ಗಿದ.